ಚೆನ್ನಾಗಿ ಆಡುವವರ ಕಣ್ಣೇ ಬೇರೆನಾ?

ಬಳ್ಳಾರಿಯಲ್ಲಿ ಮಕ್ಕಳಿಗೆ ಕ್ರಿಕೆಟ್ ಕಲಿಸುತ್ತೇನೆ. ಬಿಸಿಲೇರುವ ಮೊದಲೇ ಪ್ರಾಕ್ಟೀಸ್ ಮುಗಿಸಿ ಒಗ್ಗರಣೆ-ಮಿರ್ಚಿ ತಿನ್ನಲು ನಿಂತರೆ, ಯಾರಾದರೊಬ್ಬ ತಂದೆ ಬಂದು ಕೇಳೇ ಕೇಳುತ್ತಾರೆ: "ಸರ್, ಆ ಹುಡುಗನಿಗೆ ಬಾಲ್ ಅಷ್ಟು ಬೇಗ ಹೆಂಗ ಕಾಣ್ತದ? ನಮ್ಮವನ ಕಣ್ಣು ಡಾಕ್ಟರಿಗೆ ತೋರಿಸಬೇಕಾ?"

ತೋರಿಸಿ. ಬೋರ್ಡ್ ಮೇಲಿನ ಅಕ್ಷರ ಮಸುಕಾದರೆ ಕನ್ನಡಕ ಬೇಕೇ ಬೇಕು. ಆದರೆ ಕಣ್ಣು ಸರಿಯಿರುವ ಇಬ್ಬರು ಮಕ್ಕಳಲ್ಲಿ ಒಬ್ಬ ಮುಂದೆ ಹೋಗುವುದು ಕಣ್ಣಿನ ಚುರುಕಿನಿಂದಲ್ಲ. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು ಅಂತ ಅವನಿಗೆ ಗೊತ್ತಿರುತ್ತದೆ.

ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟ್ಸ್‌ಮನ್ ಹತ್ತಿರ ಬರಲು ಅರ್ಧ ಸೆಕೆಂಡೂ ಬೇಡ. ಕಂಡದ್ದಕ್ಕೆ ಕೈ ಕಾಲು ಸ್ಪಂದಿಸಲು ಸುಮಾರು 0.2 ಸೆಕೆಂಡ್ ಹೋಗುತ್ತದೆ. ಹಾಗಾಗಿ ಕೊನೆತನಕ ಚೆಂಡನ್ನೇ ಹಿಂಬಾಲಿಸಿ, ಆಮೇಲೆ ಯೋಚಿಸಿ ಹೊಡೆಯಲು ಆಗುವುದೇ ಇಲ್ಲ.

2000ರಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಬೇರೆಬೇರೆ ಮಟ್ಟದ ಮೂವರು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ, ಕಣ್ಣು ಎತ್ತ ಓಡುತ್ತದೆ ಅಂತ ನೋಡಿದರು. ಬೌಲರ್ ಕೈಯಿಂದ ಚೆಂಡು ಹೊರಬೀಳುವಾಗ ಒಂದು ಕ್ಷಣ ಅದನ್ನು ನೋಡಿದ ಕಣ್ಣು, ತಟ್ಟನೆ ಚೆಂಡನ್ನು ಬಿಟ್ಟು ಮುಂದಕ್ಕೆ ಹಾರುತ್ತಿತ್ತು, ಅದು ಪಿಚ್ ಆಗುವ, ಅಂದರೆ ನೆಲಕ್ಕೆ ಬಡಿಯುವ ಜಾಗಕ್ಕೆ. ಚೆಂಡು ಬರುವ ಮೊದಲೇ ಕಣ್ಣು ಅಲ್ಲಿ ಕಾಯುತ್ತಿತ್ತು! ಚೆನ್ನಾಗಿ ಆಡುವವನ ಕಣ್ಣು ಬೇಗ ಹಾರುತ್ತಿತ್ತು, ಕಡಿಮೆ ಆಡುವವನದ್ದು ತಡವಾಗಿ.

ಬ್ಯಾಡ್ಮಿಂಟನ್‌ನಲ್ಲೂ ಅಷ್ಟೇ. ಶಟಲ್ ಎಲ್ಲಿ ಬೀಳುತ್ತದೆ ಅಂತ ಊಹಿಸಲು ಹೊಸಬರು ರಾಕೆಟ್ ನೋಡುತ್ತಾರೆ. ಪಳಗಿದವರು ಅದಕ್ಕೂ ಮೊದಲು ಅದನ್ನು ಹಿಡಿದ ತೋಳನ್ನು ಓದಿರುತ್ತಾರೆ.

ಹನ್ನೊಂದು ವರ್ಷದ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಿದ್ದ. ಬೌಲರ್ ಓಡಿಬಂದರೆ ಸಾಕು, ಅವನ ಮುಖವನ್ನೇ ನೋಡುತ್ತಿದ್ದ, ಭಯಕ್ಕೆ. ಬ್ಯಾಟ್ ತೆಗೆದಿಟ್ಟು ನೆಟ್ ಹಿಂದೆ ನಿಲ್ಲಿಸಿದೆ. "ಕೈ ನೋಡೋ. ಕಾಲು ಮುಂದಿಡಬೇಕಾ ಹಿಂದಿಡಬೇಕಾ, ಚೆಂಡು ನೆಲಕ್ಕೆ ಬೀಳೋದ್ರೊಳಗೆ ಮುಂದೆ ಅಥವಾ ಹಿಂದೆ ಅಂತ ಕೂಗು" ಅಂದೆ. ಮೊದಲ ದಿನ ಚೆಂಡು ನೆಟ್‌ಗೆ ಬಡಿದ ಮೇಲೆ ಕೂಗುತ್ತಿದ್ದ. ಮೂರನೇ ವಾರ, ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ "ಹಿಂದೆ!" ಅಂದ. ಅವನ ಹಿಂಗಾಲೂ ತಾನಾಗಿ ಹಿಂದಕ್ಕೆ ಸರಿದಿತ್ತು. ಬರೀ ಕೈಯಲ್ಲಿ ನಿಂತಿದ್ದ ಹುಡುಗನ ಆ ಒಂದು ಹೆಜ್ಜೆ ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಅದಕ್ಕೇ ತಂದೆ ತಾಯಿಯರಲ್ಲಿ ಒಂದು ಕೋರಿಕೆ. ಹೊರಗಿನಿಂದ "ಚೆಂಡು ನೋಡೋ, ಚೆಂಡು ನೋಡೋ" ಅಂತ ಸುಮ್ನೆ ಕೂಗಬೇಡಿ. ಅವನು ನೋಡುತ್ತಲೇ ಇದ್ದಾನೆ, ಬೇಡದ್ದನ್ನೂ ಜಾಸ್ತಿ ನೋಡುತ್ತಿದ್ದಾನೆ. ನಾಳೆ ಬೆಳಿಗ್ಗೆ ನೆಟ್ ಹಿಂದೆ ಬಂದು ನನ್ನ ಪಕ್ಕ ನಿಂತ್ಕೊಳ್ಳಿ. ನೀವೂ ಬೌಲರ್ ಕೈ ನೋಡಿ ಕೂಗಿ.