‘ಬರೀ ಚಾ’ ಕುಡಿದು ಬರುವವರಿಗೆ

ರಾಯಚೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನಾನು ನರ್ಸ್. ಎಂಡೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು), ಜಾರಿದ ಭುಜ ಕೂಡಿಸುವುದು, ಇಂಥ ಚಿಕ್ಕ ಕೆಲಸಗಳಿಗೆ ಅರಿವಳಿಕೆಯನ್ನು, ಅಂದರೆ ನಿದ್ದೆ ಬರಿಸುವ ಔಷಧವನ್ನು, ರಕ್ತನಾಳಕ್ಕೇ ಚುಚ್ಚುತ್ತಾರೆ.

ಮಾನ್ವಿ, ಸಿಂಧನೂರು ಕಡೆಯಿಂದ ಮೊದಲ ಬಸ್ಸಿಗೆ ಬರುವವರು, ‘ಉಂಡಿಲ್ಲವ್ವ, ಬರೀ ಚಾ ಕುಡ್ದೀನಿ’ ಅಂತಾರೆ. ಹಾಲು ಹಾಕಿದ ಚಹಾ ಆಹಾರದ ಲೆಕ್ಕವೇ. ಅದಕ್ಕೂ ಹಗುರ ತಿಂಡಿಗೂ ಅರಿವಳಿಕೆಗೆ ಮುಂಚೆ 6 ಗಂಟೆ ಬಿಡಬೇಕು. ಮಿರ್ಚಿ ಭಜಿ, ಮಾಂಸದಂಥ ಜಿಡ್ಡಿನ ಊಟಕ್ಕೆ 8 ಗಂಟೆ. ಬರೀ ನೀರು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ನಡೆಯುತ್ತದೆ. ನಿದ್ದೆಯಲ್ಲಿ ಹೊಟ್ಟೆಯದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅಪ್ಪಿತಪ್ಪಿ ಕುಡಿದಿದ್ದರೆ ದಯವಿಟ್ಟು ಹೇಳಿಬಿಡಿ. ಬೈದರೂ ಪರವಾಗಿಲ್ಲ, ಹೇಳಿ.

ಹೆಚ್ಚಾಗಿ ಕೊಡುವುದು ಪ್ರೊಪೊಫಾಲ್, ಹಾಲಿನಂಥ ಬಿಳಿ ಔಷಧ. ಚುಚ್ಚಿದ ಕೈ ಸ್ವಲ್ಪ ಉರಿಯಬಹುದು, ಗಾಬರಿ ಬೇಡ. ನಿಮಿಷದೊಳಗೆ ನಿದ್ದೆ ಬರುತ್ತದೆ. ಇದು ಉಸಿರನ್ನೂ ನಿಧಾನ ಮಾಡುತ್ತದೆ. ಅದಕ್ಕೇ ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ಇರಬೇಕು.

ಜೋರು ಗೊರಕೆ, ಅಸ್ತಮಾ, ಸಕ್ಕರೆ ಕಾಯಿಲೆಯ ಮಾತ್ರೆ, ಅಲ್ಲಾಡುವ ಹಲ್ಲು ಎಲ್ಲವನ್ನೂ ಮೊದಲೇ ತಿಳಿಸಿ. ಗುಟ್ಕಾ ಅಭ್ಯಾಸವನ್ನಂತೂ ಮುಚ್ಚಿಡಲೇಬೇಡಿ. ನಮ್ಮ ಕಡೆ ಇದು ಜಾಸ್ತಿ ಅಲ್ವಾ? ಗುಟ್ಕಾದಿಂದ ಬಾಯಿ ಬಿಗಿದು ಪೂರ್ತಿ ತೆರೆಯದಿದ್ದರೆ, ತುರ್ತಿಗೆ ಉಸಿರಿನ ನಳಿಗೆ ಹಾಕುವುದು ಬಹಳ ಕಷ್ಟ.

ಎಚ್ಚರ ಬೇಗ ಆಗುತ್ತದೆ. ಆದರೂ 24 ಗಂಟೆ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ, ಜಮೀನಿನ ಕಾಗದಕ್ಕೆ ಸಹಿ ಹಾಕಬೇಡಿ. ಮನೆಯವರೊಬ್ಬರನ್ನು ಜೊತೆಗೆ ಕರೆತನ್ನಿ.