ಇಲಿ ಕಾಲಿಳಿಸಿತು, ಅಷ್ಟೇ

ಹಾಸನದ ನಮ್ಮ ಫಾರ್ಮಸಿ ಕಾಲೇಜಿನ ಔಷಧಶಾಸ್ತ್ರ ಪ್ರಯೋಗಾಲಯದ ಬೀರುವಿನಲ್ಲಿ ಎರಡು ಮರದ ತುಂಡುಗಳಿದ್ದವು. ಒಂದು 3 ಸೆಂಟಿಮೀಟರ್ ಎತ್ತರದ್ದು, ಇನ್ನೊಂದು 9. ಊರಿನ ಯಾವುದೋ ಬಡಗಿಯಿಂದ ಮಾಡಿಸಿದ್ದ ಆ ತುಂಡುಗಳಿಗಿಂತ ಬೆಲೆಬಾಳುವ ಉಪಕರಣಗಳು ಅಲ್ಲಿ ಬೇಕಾದಷ್ಟಿದ್ದವಾದರೂ, ಪ್ರಯೋಗದ ಹಂತದಲ್ಲಿರುವ ಒಂದು ಸಂಯುಕ್ತಕ್ಕೂ ಅಂಗಡಿಯಲ್ಲಿ ಸಿಗುವ ಔಷಧಕ್ಕೂ ಇರುವ ದೂರವನ್ನು ನಾನು ಅಳೆಯಲು ಕಲಿತದ್ದು ಅವುಗಳ ಮುಂದೆ ಕುಳಿತೇ.

ಅದು 2008. ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಸಂದೇಶವನ್ನು ಹಿಡಿದುಕೊಳ್ಳುವ ಮೆದುಳಿನ ಗ್ರಾಹಕಗಳನ್ನು ತಡೆಯುತ್ತದೆ. ಅದನ್ನು ಚುಚ್ಚಿದ ಇಲಿಯ ಮುಂಗಾಲುಗಳನ್ನು ಮರದ ತುಂಡಿನ ಮೇಲೆ ಎತ್ತಿಟ್ಟರೆ, ಉಳಿದ ಇಲಿಗಳಂತೆ ತಕ್ಷಣ ಇಳಿಸದೆ, ಇಟ್ಟ ಭಂಗಿಯಲ್ಲೇ ನಿಂತುಬಿಡುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮೈ ಬಿಗಿದು ಚಲನೆ ತಡವಾಗುವುದಕ್ಕೆ ಇದನ್ನೊಂದು ಮಾದರಿಯೆಂದು ಬಳಸುತ್ತಾರೆ. ಕಣ್ಣು ತೆರೆದುಕೊಂಡು, ಮೀಸೆ ಮಾತ್ರ ಸಣ್ಣಗೆ ಅಲುಗಾಡಿಸುತ್ತಾ, ಒಂಬತ್ತು ಸೆಂಟಿಮೀಟರಿನ ಮೇಲೆ ಕೈಯೂರಿ ನಿಂತಿದ್ದ ಆ ಬಿಳಿ ಇಲಿ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆ ದಿನ ನಾನು ಆ ಇಲಿಯನ್ನು ಕೊಂದೇಬಿಡುತ್ತಿದ್ದೆನೇನೋ. ಕಿಲೋಗ್ರಾಂ ತೂಕಕ್ಕೆ 1 ಮಿಲಿಗ್ರಾಂ ಎಂಬ ಲೆಕ್ಕದಲ್ಲಿ 200 ಗ್ರಾಂ ತೂಗುವ ಇಲಿಗೆ 0.2 ಮಿಲಿಗ್ರಾಂ ಸಾಕು. ನಾನು 2 ಎಂದು ಬರೆದು ಸಿರಿಂಜಿಗೆ ಎಳೆದುಕೊಂಡಿದ್ದೆ. ನಮ್ಮ ಮೇಡಂ ಹಿಂದಿನಿಂದ ಬಂದು ಸಿರಿಂಜನ್ನು ಕೈಯಿಂದ ತೆಗೆದುಕೊಂಡು, “ಏನಪ್ಪಾ, ಬಿಂದು ಎಲ್ಲಿ ಹೋಯ್ತು?” ಎಂದು ಕೇಳಿದರು. ಬೈಯಲಿಲ್ಲ. ಈಗಿನ ವಿದ್ಯಾರ್ಥಿಗಳು ಇಂಥ ಪ್ರಯೋಗಗಳನ್ನು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಕಲಿಯುತ್ತಾರೆಂದು ಕೇಳಿದ್ದೇನೆ. ಪ್ರಾಣಿಗಳ ಪಾಲಿಗೆ ಅದು ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪರದೆಯ ಮೇಲಿನ ಇಲಿಗೆ ಡೋಸು ತಪ್ಪಿದರೆ ಕೈ ನಡುಗುವುದಿಲ್ಲ.

ಮುಂದಿನ ವಾರ ಇನ್ನೊಂದು ಇಲಿಗೆ ಹ್ಯಾಲೊಪೆರಿಡಾಲಿನ ಜೊತೆಗೆ ಕೆಫೀನ್ ಕೊಟ್ಟೆವು. ಅದು ಬೇಗನೆ ಕಾಲಿಳಿಸಿ ಮೂಲೆಗೆ ಹೋಯಿತು. ಮೂಡಿಗೆರೆಯ ಕಾಫಿ ತೋಟದಿಂದ ಬಂದಿದ್ದ ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಕೆಫೀನ್ ಪಾರ್ಕಿನ್ಸನ್ ಕಾಯಿಲೆಗೆ ಉತ್ತಮ ಔಷಧವೆಂದು ರೆಕಾರ್ಡ್ ಪುಸ್ತಕದಲ್ಲಿ ಬರೆದೇಬಿಟ್ಟೆ. ಮೇಡಂ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ “ಇಲಿ ಕಾಲಿಳಿಸಿತು, ಅಷ್ಟೇ” ಎಂದು ಬರೆದರು.

ಆಮೇಲೆ ಅವರು ವಿವರಿಸಿದ್ದು ಹೀಗೆ. ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗದಲ್ಲಿ ಅಡೆನೊಸಿನ್ ಎಂಬ ವಸ್ತು ಎ2ಎ ಗ್ರಾಹಕಗಳ ಮೂಲಕ ಡೋಪಮಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ. ಡೋಪಮಿನ್ ಕುಗ್ಗಿದಾಗ ಅಡೆನೊಸಿನ್ನಿನ ಹಿಡಿತವೇ ಮೇಲಾಗುತ್ತದೆ. ಕೆಫೀನ್ ಆ ಹಿಡಿತವನ್ನು ಸಡಿಲಿಸುವುದು ನಿಜ, ಆದರೆ ಅದು ಅಡೆನೊಸಿನ್ನಿನ ಇನ್ನೊಂದು ಗ್ರಾಹಕವಾದ ಎ1 ಅನ್ನೂ ತಡೆಯದೆ ಬಿಡುವುದಿಲ್ಲ. ಹೀಗಾಗಿ ಕೆಫೀನಿನಂತೆಯೇ ಕ್ಸಾಂಥೀನ್ ವರ್ಗಕ್ಕೆ ಸೇರಿದ, ಆದರೆ ಎ2ಎ ಗ್ರಾಹಕವನ್ನು ಆರಿಸಿ ತಡೆಯುವ ಕೆಡಬ್ಲ್ಯೂ-6002 ಎಂಬ ಸಂಯುಕ್ತವನ್ನು ಜಪಾನಿನ ಕಂಪನಿಯೊಂದು ಸಿದ್ಧಪಡಿಸಿತ್ತು. ಅದೂ ಇಲಿಯ ಕಾಲನ್ನು ಇಳಿಸಿತ್ತು. ಆದರೆ ಅದೇ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ಇಷ್ಟು ಹೇಳಿ, ಅದಕ್ಕೆ ಇನ್ನೂ ನಂಬರೇ ಹೆಚ್ಚು ಒಪ್ಪುವ ಹೆಸರು ಎಂದು ಮೇಡಂ ನಕ್ಕಿದ್ದರು.

ಕಾಲೇಜು ಬಿಟ್ಟ ಮೇಲೆ ಬೆಂಗಳೂರಿನಲ್ಲಿ ಔಷಧ ಪ್ರಯೋಗಗಳ ಅಡ್ಡಪರಿಣಾಮದ ವರದಿಗಳನ್ನು ಓದುವುದೇ ನನ್ನ ಕೆಲಸವಾಯಿತು. ಅಲ್ಲಿಂದಲೇ ಆ ನಂಬರಿನ ಬೆನ್ನು ಹತ್ತಿದೆ. ಅದು 2013ರಲ್ಲಿ ಜಪಾನಿನಲ್ಲಿ ಇಸ್ಟ್ರಾಡೆಫಿಲಿನ್ ಎಂಬ ಔಷಧವಾಗಿ ಮಾರುಕಟ್ಟೆಗೆ ಬಂತು. ಅಮೆರಿಕ ಒಪ್ಪಿದ್ದು 2019ರಲ್ಲಿ, ಅದೂ ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾದ ಜೊತೆಗೆ ಕೊಡುವ ಪೂರಕವಾಗಿ ಮಾತ್ರ. ಅದೇ ಗ್ರಾಹಕವನ್ನು ಗುರಿಯಾಗಿಟ್ಟ ಪ್ರೆಲಡೆನಂಟ್ ಎಂಬ ಸಂಯುಕ್ತ ರೋಗಿಗಳ ಮೇಲಿನ ಪ್ರಯೋಗದ ಮೂರನೆಯ ಹಂತದಲ್ಲಿ ಔಷಧವೇ ಇಲ್ಲದ ಬರಿಯ ಹುಸಿಗುಳಿಗೆಯನ್ನೂ ಮೀರಿಸಲಾಗದೆ 2013ರಲ್ಲೇ ನಿಂತುಹೋಗಿತ್ತು. ಅದೇ ಗುರಿಯ ಇನ್ನೊಂದು ಸಂಯುಕ್ತವಾದ ಟೊಜಡೆನಂಟಿನದು ಇನ್ನೂ ಕಹಿಯಾದ ಕಥೆ: ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣಗಳು ಕುಸಿದು, ಸೋಂಕು ಏರಿ, ಸಾವುಗಳಾದವು, 2017ರಲ್ಲಿ ಅದನ್ನು ಕೈಬಿಟ್ಟರು. ಇಲಿಯ ಮುಂಗಾಲು ಇದ್ಯಾವುದನ್ನೂ ಹೇಳಿರಲಿಲ್ಲ.

ಕಾಫಿಯ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ಹಗಲು ನಿದ್ದೆಯ ತೊಂದರೆಯಿದ್ದ 61 ಪಾರ್ಕಿನ್ಸನ್ ರೋಗಿಗಳ ಮೇಲೆ ಕೆನಡಾದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಕೆಫೀನಿನಿಂದ ಚಲನೆ ಸ್ವಲ್ಪ ಸುಧಾರಿಸಿದಂತೆ ಕಂಡಿತೆಂದು 2012ರಲ್ಲಿ ಸುದ್ದಿಯಾದಾಗ, ಆ ಕಾಯಿಲೆಯಿದ್ದ ನಮ್ಮ ದೊಡ್ಡಪ್ಪ ಮೂಡಿಗೆರೆಯಿಂದ ಫೋನು ಮಾಡಿ, ದಿನಕ್ಕೆ ಎಷ್ಟು ಲೋಟ ಕುಡಿಯಬೇಕೆಂದು ಕೇಳಿದರು. ರುಚಿಗೆ ಎಷ್ಟು ಬೇಕೋ ಅಷ್ಟು ಕುಡಿಯಿರಿ, ಡಾಕ್ಟರು ಕೊಟ್ಟ ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿ ಎಂದೆ. ತೋಟದ ಯಜಮಾನರಿಗೆ ಆ ಉತ್ತರ ಸಪ್ಪೆಯೆನಿಸಿತು.

ಅದೇ ಸಂಶೋಧಕರು ಇನ್ನಷ್ಟು ರೋಗಿಗಳನ್ನು ಸೇರಿಸಿಕೊಂಡು, ಹೆಚ್ಚು ಕಾಲ ನಡೆಸಿದ ಅಧ್ಯಯನದ ಫಲಿತಾಂಶ 2017ರಲ್ಲಿ ಹೊರಬಂತು: ಚಲನೆಯಲ್ಲಿ ಕೆಫೀನಿನಿಂದ ಯಾವ ಲಾಭವೂ ಕಾಣಲಿಲ್ಲ. ನಾನು ಉತ್ಸಾಹದಿಂದ, ನಿಮ್ಮ ಕೆಂಪು ಶಾಯಿಯೇ ಗೆದ್ದಿತು ಎಂದು ಮೇಡಂ ಅವರಿಗೆ ಸಂದೇಶ ಕಳುಹಿಸಿದೆ. ನಿವೃತ್ತರಾಗಿ ಹಾಸನದಲ್ಲೇ ಇದ್ದ ಅವರಿಂದ ಸಂಜೆ ಉತ್ತರ ಬಂತು: “ಎಷ್ಟು ಜನ? ಎಷ್ಟು ಡೋಸು?” 121 ಜನ, ದಿನಕ್ಕೆ ಎರಡು ಬಾರಿ 200 ಮಿಲಿಗ್ರಾಂ ಎಂದು ಬರೆದು, ಸೊನ್ನೆಗಳನ್ನು ಇನ್ನೊಮ್ಮೆ ಎಣಿಸಿಕೊಂಡೇ ಕಳುಹಿಸಿದೆ.