ಬಿಳಿ ವೈನ್ ನೋಟ್‌ಬುಕ್: ಹದಿನಾಲ್ಕನೇ ಬಾಟ್ಲಿವರೆಗೆ

ಒಂದೊಂದೇ ಬಿಳಿ ವೈನ್ ತಂದು ಅದರ ವಾಸನೆ, ರುಚಿ ನೋಟ್‌ಬುಕ್‌ನಲ್ಲಿ ಬರ್ಕೊಳ್ಳೋದು ನನ್ನ ಹಾಬಿ. ಹೋದ ಸಲ ಅದರ ಬಗ್ಗೆ ಇಲ್ಲಿ ಬರೆದಾಗ ಒಂಬತ್ತನೇ ಬಾಟ್ಲಿಲಿದ್ದೆ, ಈಗ ಹದಿನಾಲ್ಕು ಮುಗೀತು. ರೂಲ್ಸ್ ಎಲ್ಲ ಅದೇ, ಬಿಳಿ ವೈನ್ ಮಾತ್ರ, ಬಾಟ್ಲಿ ಸಾವಿರದ ಇನ್ನೂರು ದಾಟಬಾರದು, ತಿಂಗಳಿಗೆ ಎರಡೇ, ಅದೂ ಶನಿವಾರ ಸಂಜೆ ಗೆಳೆಯ ಕುವೆಂಪುನಗರದಿಂದ ಬಂದ ಮೇಲೇ ಮುಚ್ಚಳ ತೆಗೆಯೋದು. ಒಬ್ನೇ ಕೂತು ಶುರು ಮಾಡಿದ್ರೆ ಮನೇಲಿ ಅದನ್ನ ಹಾಬಿ ಅಂತ ಯಾರೂ ಒಪ್ಪಲ್ಲ.

ಫಾರಿನ್ ಬಾಟ್ಲಿ ಯಾಕಿಲ್ಲ ಅಂತ ಗೆಳೆಯ ಪ್ರತಿ ಸಲ ಕೇಳ್ತಾನೆ. ಹೊರಗಿಂದ ಬರೋ ಬಹುತೇಕ ವೈನ್ ಮೇಲೆ ವರ್ಷಗಟ್ಟಲೆ 150 ಪರ್ಸೆಂಟ್ ಕಸ್ಟಮ್ಸ್ ಡ್ಯೂಟಿ, ಅದರ ಮೇಲೆ ನಮ್ಮ ರಾಜ್ಯದ ಎಕ್ಸೈಸ್ ಬೇರೆ, ಅಲ್ಲಿ ದಿನಾ ಊಟಕ್ಕೆ ಕುಡಿಯೋ ವೈನು ಇಲ್ಲಿ ಅಂಗಡಿ ಶೆಲ್ಫಿಗೆ ಬರೋ ಹೊತ್ತಿಗೆ ಮದುವೆ ಉಡುಗೊರೆ ರೇಟಾಗಿರುತ್ತೆ. ಹಾಗಾಗಿ ಮಹಾರಾಷ್ಟ್ರದ ನಾಸಿಕ್, ಅಕ್ಲೂಜ್, ನಮ್ಮ ನಂದಿ ಬೆಟ್ಟ, ಈ ಕಡೆ ಮಾಡೋ ವೈನ್ ಇಷ್ಟೇ ನನ್ನ ಪ್ರಪಂಚ.

ಈ ಮೂರು ತಿಂಗಳಲ್ಲಿ ಆದ ದೊಡ್ಡ ಬದಲಾವಣೆ ಅಂದ್ರೆ ನೋಟ್‌ಬುಕ್ಕನ್ನೇ ಹೊಸದಾಗಿ ಬರೆದೆ. ಮೊದಲು ಇಂಗ್ಲಿಷ್ ಪುಸ್ತಕಗಳಲ್ಲಿ ಇರೋ ಪದಗಳನ್ನೇ ಕಾಪಿ ಹೊಡೀತಿದ್ದೆ, ಸಾವಿನ್ಯೋನ್ ಬ್ಲಾಂಕ್ (ಒಂದು ಬಿಳಿ ದ್ರಾಕ್ಷಿ ತಳಿ, ಅದರ ವೈನಿಗೂ ಅದೇ ಹೆಸರು) ಅಂದ್ರೆ ಗೂಸ್‌ಬೆರ್ರಿ ಅಂತ ಎಲ್ಲಾ ಕಡೆ ಬರೆದಿರ್ತಾರೆ, ನಾನು ಗೂಸ್‌ಬೆರ್ರಿ ಅಂದ್ರೆ ನಮ್ಮ ನೆಲ್ಲಿಕಾಯಿ ಅಂದ್ಕೊಂಡು ಎರಡು ತಿಂಗಳು ಗ್ಲಾಸ್‌ನಲ್ಲಿ ಮೂಗು ತೂರಿಸಿ ಬೆಟ್ಟದ ನೆಲ್ಲಿಕಾಯಿ ಹುಡುಕ್ದೆ, ಸಿಗಲಿಲ್ಲ, ನನ್ನ ಮೂಗೇ ಸರಿ ಇಲ್ಲ ಅನ್ಕೊಂಡೆ. ಆಮೇಲೆ ಗೊತ್ತಾಯ್ತು ಅವರ ಗೂಸ್‌ಬೆರ್ರಿ ಗಿಡನೇ ಬೇರೆ, ಹಣ್ಣೇ ಬೇರೆ, ನಾನು ಜನ್ಮದಲ್ಲಿ ನೋಡಿಲ್ಲ. ನೋಡದೇ ಇರೋ ಹಣ್ಣಿನ ವಾಸನೆ ಹೆಂಗ್ರೀ ಕಂಡುಹಿಡಿಯೋದು?

ಹನ್ನೊಂದನೇ ಬಾಟ್ಲಿ ದಿನ ಗೆಳೆಯ ಗ್ಲಾಸ್ ಮೂಸಿ "ಗುರು, ಇದು ಅವರೆಕಾಯಿ ಸೊಗಡಲ್ವಾ" ಅಂದ. ಅಲ್ಲಿಗೆ ಎಲ್ಲ ಸರಿ ಹೋಯ್ತು. ಜನವರಿಲಿ ದೇವರಾಜ ಮಾರ್ಕೆಟ್ ಹತ್ರ ಅವರೆಕಾಯಿ ರಾಶಿ ಮುಂದೆ ನಿಂತ್ರೆ ಕೈಗೆಲ್ಲ ಹತ್ತುತ್ತಲ್ಲ, ಆ ಹಸಿರು ಘಾಟು ಪೂರ್ತಿ ಅದೇ ಅಲ್ಲದಿದ್ರೂ ಅದರ ದಾಯಾದಿ. ಓದಿ ನೋಡಿದ್ರೆ ಸಾವಿನ್ಯೋನ್ ಬ್ಲಾಂಕ್‌ನ ಹಸಿರು ವಾಸನೆಗೆ ಕಾರಣ ಮೆಥಾಕ್ಸಿಪೈರಜೀನ್ ಅನ್ನೋ ಗುಂಪು, ದೊಣ್ಣೆ ಮೆಣಸಿನಕಾಯಿ ಹೆಚ್ಚಿದಾಗ ಬರೋ ವಾಸನೆಗೂ ಅದೇ ಕಾರಣ. ಅದರ ಹಿಂದೆನೇ ಬರೋ ಸೀಬೆಹಣ್ಣಿನ ವಾಸನೆಗೆ ಗಂಧಕ ಇರೋ ಬೇರೆ ಕೆಲವು ಕೆಮಿಕಲ್ ಇದಾವೆ, ನಿಜವಾದ ಸೀಬೆಲೂ ಅವು ಇರ್ತವೆ. ಅಂದ್ರೆ ನಾವು ಕವಿತ್ವ ಮಾಡ್ತಿಲ್ಲ. ಈಗ ನೋಟ್‌ಬುಕ್‌ನಲ್ಲಿ ಕಾಲಂಗಳು ಸೊಗಡು, ಘಮ, ಹುಳಿ, ಒಗರು, ಕಮಟು. ಒಗರು ಕಾಲಂ ಬಹುತೇಕ ಖಾಲಿ, ಬಿಳಿ ವೈನ್‌ಗೆ ದ್ರಾಕ್ಷಿ ಹಿಂಡಿ ಸಿಪ್ಪೆ ಬೀಜ ತೆಗೆದು ಬರೀ ರಸನ ಹುಳಿ ಬರಿಸ್ತಾರೆ, ಒಗರೆಲ್ಲ ಆ ಸಿಪ್ಪೆಲೇ ಉಳ್ಕೊಂಡುಬಿಡುತ್ತೆ.

ಹನ್ನೆರಡನೇ ಬಾಟ್ಲಿದು ಸ್ವಲ್ಪ ಉದ್ದದ ಕಥೆ. ಚೆನಿನ್ ಬ್ಲಾಂಕ್ ಅನ್ನೋ ಇನ್ನೊಂದು ಬಿಳಿ ದ್ರಾಕ್ಷಿದು, ನಾಲ್ಕೈದು ವಾರ ಫ್ರಿಜ್ಜಿನ ಹಿಂದುಗಡೆ, ಮೊಸರಿನ ಪಾತ್ರೆ ಪಕ್ಕ ಮಲಗಿತ್ತು. ತೆಗೆದು ಲೈಟಿಗೆ ಹಿಡಿದ್ರೆ ತಳದಲ್ಲಿ ಪುಡಿ ಪುಡಿ ಹೊಳೀತಿದೆ. ಅಮ್ಮ ನೋಡಿದ್ದೇ "ಗಾಜಿನ ಚೂರು ಕಣೋ ಅದು, ಕುಡೀಬೇಡ, ಸಿಂಕಿಗೆ ಸುರಿ" ಅಂತ ಶುರು ಮಾಡಿದ್ರು. ನನಗೂ ಒಳಗೊಳಗೆ ಭಯನೇ. ಟೀ ಸೋಸೋ ಜಾಲರಿಲಿ ಬಗ್ಗಿಸಿದೆ, ಅರ್ಧ ಚಮಚದಷ್ಟು ಹರಳು ಸಿಕ್ತು, ಕಲ್ಲುಸಕ್ಕರೆ ಕುಟ್ಟಿದಾಗ ಹಾರೋ ಚೂರಿನ ಥರ, ಚಪ್ಪಟೆ, ಒಂದು ಮುಖ ಮಾತ್ರ ಫಳಫಳ. ಸ್ಟೀಲ್ ಲೋಟದಲ್ಲಿ ಕುದಿಯೋ ನೀರು ಹಾಕಿ ಅದರೊಳಗೆ ಬಿಟ್ಟೆ, ಚಮಚದಲ್ಲಿ ತಿರುಗಿಸ್ತಾ ಇದ್ದಂಗೆ ಅಂಚು ಮಬ್ಬಾಯ್ತು, ಸಣ್ಣಗಾಯ್ತು, ಒಂದು ನಿಮಿಷದಲ್ಲಿ ಮಾಯ. ಗಾಜಾಗಿದ್ರೆ ಕರಗ್ತಿತ್ತಾ? ಆರಿದ ಮೇಲೆ ಒಂದು ತೊಟ್ಟು ನಾಲಿಗೆ ಮೇಲಿಟ್ಟೆ, ಹುಳಿ. ಅಮ್ಮನೂ ಬೆರಳು ಅದ್ದಿ ನೋಡಿ "ಹುಣಸೆ ತೊಳೆದ ನೀರಿದ್ದಂಗಿದೆ" ಅಂದ್ರು, ವೈನ್ ಮುಟ್ಟದ ಅಮ್ಮ ಈ ಹಾಬಿಗೆ ಕೊಟ್ಟ ಮೊದಲ ಟೇಸ್ಟಿಂಗ್ ನೋಟ್ ಇದು, ನಾನು ಹಂಗೇ ಬರ್ಕೊಂಡೆ.

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ದ್ರಾಕ್ಷಿಲಿರೋ ಮುಖ್ಯ ಹುಳಿ ಟಾರ್ಟಾರಿಕ್ ಆಸಿಡ್, ಹುಣಸೆಹಣ್ಣಿಂದೂ ಅದೇ. ಅದು ಪೊಟ್ಯಾಸಿಯಂ ಜೊತೆ ಸೇರ್ಕೊಂಡು ಉಪ್ಪಾಗುತ್ತೆ, ತಣ್ಣಗಾದಷ್ಟೂ ಆ ಉಪ್ಪು ಕರಗೋದು ಕಮ್ಮಿ, ಹರಳು ಕಟ್ಟಿ ತಳಕ್ಕೆ ಕೂರುತ್ತೆ. ಬೇಕರಿಯವರ ಕ್ರೀಮ್ ಆಫ್ ಟಾರ್ಟರ್ ಇದೇ ವಸ್ತು. ವೈನರಿಗಳಲ್ಲಿ ಬಾಟ್ಲಿಗೆ ತುಂಬೋ ಮುಂಚೆನೇ ಟ್ಯಾಂಕ್ ಚೆನ್ನಾಗಿ ತಣ್ಣಗೆ ಮಾಡಿ ಹರಳು ಕೂರಿಸಿ ತೆಗೆದುಬಿಡ್ತಾರೆ, ಪೂರ್ತಿ ಹೋಗದಿದ್ರೆ ನಮ್ಮನೆ ಫ್ರಿಜ್ಜಲ್ಲಿ ಕಾಣಿಸ್ಕೊಳ್ಳುತ್ತೆ. ಏನೂ ತೊಂದರೆ ಇಲ್ಲ, ನಿಧಾನಕ್ಕೆ ಬಗ್ಗಿಸ್ಕೊಂಡು ಕುಡಿದ್ವಿ.

ಇದಾದ್ಮೇಲೆ ಹುಳಿಗೆ ಅಂತಾನೇ ಒಂದು ಭಾನುವಾರ ಕೂತೆ. ನಾಲ್ಕು ಲೋಟ: ಹುಣಸೆ ನೀರು, ನಿಂಬೆ ನೀರು, ಹಸಿರು ಸೇಬಿನ ರಸ, ಮೊಸರಿನ ಮೇಲಿನ ತಿಳಿ. ನಿಂಬೆ ತಕ್ಷಣ ಚುಚ್ಚಿ ಹೋಗುತ್ತೆ, ಹುಣಸೆ ದವಡೆ ಪಕ್ಕದಲ್ಲಿ ನೀರೂರಿಸ್ತಾ ಕೂತಿರುತ್ತೆ, ಸೇಬಿಂದು ಮ್ಯಾಲಿಕ್ ಆಸಿಡ್, ಗಡಸು, ಮೊಸರಿಂದು ಲ್ಯಾಕ್ಟಿಕ್, ಮೆತ್ತಗೆ. ಈ ಕಸರತ್ತು ಉಪಯೋಗಕ್ಕೆ ಬಂದಿದ್ದು ಹದಿಮೂರನೇ ಬಾಟ್ಲಿ, ಶಾರ್ಡನೇ ಅನ್ನೋ ದ್ರಾಕ್ಷಿ ವೈನಲ್ಲಿ. ಕೆಲವು ವೈನ್‌ಗಳಲ್ಲಿ ಬ್ಯಾಕ್ಟೀರಿಯಾ ಸೇಬಿನ ಹುಳಿನ ಮೊಸರಿನ ಹುಳಿಯಾಗಿ ಬದಲಾಯಿಸ್ತವೆ, ಆಗ ಡೈಅಸಿಟೈಲ್ ಅನ್ನೋದು ಹುಟ್ಟಿ ಬೆಣ್ಣೆ ವಾಸನೆ ಬರುತ್ತೆ ಅಂತ ಓದಿದ್ದೆ, ಗ್ಲಾಸ್ ಮೂಸಿದ್ರೆ ನಿಜಕ್ಕೂ ಬೆಣ್ಣೆ ಕಾಯಿಸೋಕ್ಕಿಟ್ಟ ಬಾಣಲೆ! ಕುಡಿಯೋಕ್ಕೆ ನನಗಷ್ಟು ಹಿಡಿಸಲಿಲ್ಲ, ತುಪ್ಪ ಅನ್ನದ ಜೊತೆನೇ ಚಂದ.

ಈಗ ಒಂದು ಹೊಟ್ಟೆ ಉರಿ. ಹತ್ತನೇ ಬಾಟ್ಲಿ, ರಿಂಗ್ ರೋಡ್ ಕಡೆ ಒಂದು ಎಂಆರ್‌ಪಿ ಅಂಗಡಿಲಿ ತಗೊಂಡಿದ್ದು. ಸಂಜೆ ಬಿಸಿಲು ನೇರ ಬೀಳೋ ಶೆಲ್ಫಲ್ಲಿ ನಿಲ್ಲಿಸಿದ್ರು, ನಾನೂ ಇಸವಿ ನೋಡದೇ ತಂದೆ, ನಾಲ್ಕು ವರ್ಷದ ಹಿಂದಿನದು. ಬಣ್ಣ ಟೀ ಡಿಕಾಕ್ಷನ್‌ಗೆ ನೀರು ಬೆರೆಸಿದಂಗೆ, ವಾಸನೆ ಕಚ್ಚಿಟ್ಟು ಮರೆತ ಸೇಬು. ಕಮಟು ಕಾಲಂನಲ್ಲಿ ದೊಡ್ಡದಾಗಿ ಬರೆದೆ. ಈ ರೇಟಿನ ಬಿಳಿ ವೈನ್ ಇಟ್ಟಷ್ಟೂ ಚೆನ್ನಾಗಾಗೋ ಜಾತಿ ಅಲ್ಲ, ಎಳೇದಾಗೇ ಕುಡೀಬೇಕು. ನಮ್ಮಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್, ಆದ್ರಿಂದ ಲೇಬಲ್ ಮೇಲೆ ಈ ವರ್ಷ ಅಥವಾ ಹೋದ ವರ್ಷ ಇದ್ರೆ ಮಾತ್ರ ತಗೋತೀನಿ, ಅದೂ ಅಂಗಡಿಯವರ ಹತ್ರ ಒಳಗಿರೋ ಬಾಕ್ಸಿಂದ ಕೊಡಿ ಅಂತ ಕೇಳಿ. ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ.

ಹದಿನಾಲ್ಕಕ್ಕೆ ಬಂದೆ. ಗ್ರೋವರ್ ವೈನರಿಯ ಸಾವಿನ್ಯೋನ್ ಬ್ಲಾಂಕ್, ಪಕ್ಕಕ್ಕೆ ಗೆಳೆಯ ತಂದ ಸುಲಾ ವೈನರಿದು ಇನ್ನೊಂದು (ಅದು ಅವನ ಲೆಕ್ಕ). ಎರಡಕ್ಕೂ ಪೇಪರ್ ಸುತ್ತಿ ಹೆಂಡ್ತಿ ಕೈಲಿ ಬಗ್ಗಿಸ್ಕೊಂಡ್ವಿ. ಫ್ರಿಜ್ಜಿಂದ ತೆಗೆದ ಕೂಡ್ಲೇ ಕುಡಿದಾಗ ಎರಡೂ ಒಂದೇ, ತಣ್ಣಗಿನ ನಿಂಬೆ ನೀರು. ಮೊಸರು ಹೆಪ್ಪಿಗೆ ಅಂತ ತಂದಿದ್ದ ಥರ್ಮಾಮೀಟರ್ ಗ್ಲಾಸಿಗಿಳಿಸಿ ನೋಡ್ದೆ, 5 ಡಿಗ್ರಿ. ಏಪ್ರಿಲ್ ಸೆಖೆಲಿ ಕಾಯೋದೇನೂ ಕಷ್ಟ ಅಲ್ಲ ನೋಡಿ, ಸ್ವಲ್ಪ ಹೊತ್ತಲ್ಲೇ 10 ಬಂತು, ಆಗ ಒಂದರಲ್ಲಿ ಸೊಗಡು ಎದ್ದು ಬಂತು, ಇನ್ನೊಂದರಲ್ಲಿ ಸೀಬೆ. 18 ದಾಟಿದ ಮೇಲೆ ಎರಡರಲ್ಲೂ ಆಲ್ಕೋಹಾಲ್ ಘಾಟೇ ಮುಂದೆ. ನಾನು ಸೊಗಡಿಂದೇ ಸುಲಾ ಅಂದೆ, ಗೆಳೆಯ ಅಲ್ಲ ಅಂದ, ಪೇಪರ್ ಬಿಚ್ಚಿದ್ರೆ ನಾನು ಗೆದ್ದಿದ್ದೆ, ಮುಂದಿನ ಬಾಟ್ಲಿ ಅವನ ಖರ್ಚು.

ತಿಂಡಿ ಕಡೆ ಬಂದ್ರೆ ಮದ್ದೂರು ವಡೆಗೆ ಚೆನಿನ್ ಬ್ಲಾಂಕ್ ಹೇಳಿ ಮಾಡಿಸಿದ ಜೋಡಿ, ಈರುಳ್ಳಿ ಕರಿದ ಸಿಹಿಗೂ ವೈನ್‌ನ ಸಣ್ಣ ಸಿಹಿಗೂ ಹೊಂದ್ಕೊಳ್ಳುತ್ತೆ, ಎಣ್ಣೆನ ಹುಳಿ ತೊಳೆದುಬಿಡುತ್ತೆ. ನಾಟಿ ಕೋಳಿ ಸಾರಿನ ಜೊತೆ ಯಾವ್ದೂ ನಿಲ್ಲಲಿಲ್ಲ, ಆಲ್ಕೋಹಾಲ್ ಖಾರನ ಇನ್ನೂ ಕೆರಳಿಸುತ್ತೆ, ಕಣ್ಣಲ್ಲಿ ನೀರು. ಮೈಸೂರ್ ಪಾಕ್ ತಿಂದು ಕುಡಿದ್ರೆ ವೈನು ಬರೀ ಹುಣಸೆ ನೀರೇ.

ಹದಿನೈದಕ್ಕೆ ವಿಯೋನ್ಯೇ ಅನ್ನೋ ದ್ರಾಕ್ಷಿದು ತರ್ತೀನಿ ಅಂತ ಗೆಳೆಯ ಒಪ್ಕೊಂಡಿದಾನೆ, ಹೂವಿನ ಘಮ ಜಾಸ್ತಿ ಅಂತಾರೆ. ಆವತ್ತು ಮಾರ್ಕೆಟ್ಟಿಂದ ಒಂದು ಮೊಳ ಮಲ್ಲಿಗೆನೂ ತರಬೇಕು, ಪಕ್ಕದಲ್ಲಿಟ್ಟು ಹೋಲಿಸೋಕ್ಕೆ. ಅಮ್ಮ ಆಗ್ಲೇ ಹೇಳಿದಾರೆ, ಮೂಸಿದ ಹೂವು ದೇವರಿಗೆ ಬರಲ್ಲ, ಎರಡು ಮೊಳ ತಗೊಂಬಾ ಅಂತ.